ಪ್ರಕಟಣೆಗೆ ಮುಂಚಿನ ಕೆಮ್ಮು

ನನ್ನ ಹೆಂಡತಿ ಕಾಣೆಯಾದ ಮರುದಿನ ಬೆಳಗ್ಗೆ ಅಳಿಯ ರೇಣುಕಾಪ್ರಸಾದ್ ನನ್ನನ್ನು ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮೈಕಿನ ಮುಂದೆ ಕೂರಿಸಿದರು. ಅವರ ಮನೆ ಶಿವಮೊಗ್ಗದ ಗೋಪಾಳದಲ್ಲಿ. ಹೊಟ್ಟೆಪಾಡಿಗೆ ಒಂದು ಸಹಕಾರ ಸಂಘದಲ್ಲಿ ಗುಮಾಸ್ತಿಕೆ ಮಾಡುತ್ತಿದ್ದರು, ಹುಚ್ಚು ಮಾತ್ರ ರೆಕಾರ್ಡಿಂಗಿನದು. ಗೋಡೆಗೆ ಹಳೆಯ ಹಾಸಿಗೆ ಆನಿಸಿ, ಕಿಟಕಿಗೆ ಕಂಬಳಿ ಬಿಗಿದು, ಕಂಪ್ಯೂಟರ್ ಇಟ್ಟುಕೊಂಡು ಭಾನುವಾರಗಳಲ್ಲಿ ಓಣಿಯ ಹೆಂಗಸರ ಭಜನೆಗಳನ್ನು ಸಿಡಿ ಮಾಡಿ ಕೊಡುತ್ತಿದ್ದರು. ಆ ಕೋಣೆಯೊಳಗೆ ನಾನು ಅದುವರೆಗೆ ಕಾಲಿಟ್ಟವನಲ್ಲ.

"ಮಾವ, ನಿಮ್ಮ ದನೀನೇ ಆಗ್ಬೇಕು," ಅಂದರು. "ನಾನು ಹೇಳಿದ್ರೆ ಅತ್ತೆಗೆ ಗುರ್ತಾಗಲ್ಲ. ನನ್ನ ಮುಖಾನೇ ಮರ್ತಿದಾರೆ, ದನಿ ಎಲ್ಲಿ ನೆನಪಿರುತ್ತೆ?"

ಅದು ನಿಜವೇ. ಇವಳ ಮರೆವು ಮೊದಲು ಅಡಿಗೆಮನೆಯಲ್ಲಿ ಶುರುವಾಯಿತು. ಸಾರಿಗೆ ಉಪ್ಪು ಹಾಕಿ, ಸ್ವಲ್ಪ ಹೊತ್ತಿಗೆ ಮತ್ತೆ ಹಾಕುವಳು. ಆಮೇಲೆ ಹಿಟ್ಟಿನ ಗಿರಣಿಗೆ ಹೋದವಳಿಗೆ ವಾಪಸು ಬರುವ ದಾರಿ ತಪ್ಪಿತು. ಆಮೇಲೆ ಮಗಳನ್ನು ನೋಡಿ "ಯಾರ ಪೈಕಿ ತಾಯಿ ನೀನು?" ಎಂದು ಕೇಳಿದಳು. ಭದ್ರಾವತಿಯ ನಮ್ಮ ಮನೆಯಲ್ಲಿ ನಾವಿಬ್ಬರೇ. ಹಾಲಿಗೆ ಹೋಗುವಾಗ ನಾನು ಮುಂದಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದೆ. ಆವತ್ತೂ ಹಾಕಿದ್ದೆ. ಅವಳು ಹಿತ್ತಲಿನಿಂದ ಹೋದಳು.

ಪಕ್ಕದ ಮನೆಯ ಜಲಜಮ್ಮ ಅವಳನ್ನು ಬಸ್ ಸ್ಟಾಪಿನಲ್ಲಿ ನೋಡಿದ್ದರು. ಎಲ್ಲಿಗೆ ಎಂದು ಕೇಳಿದರೆ "ಮನೆಗೆ" ಅಂದಿದ್ದಳಂತೆ. ಶಿವಮೊಗ್ಗದ ಬಸ್ಸಿನ ಕಂಡಕ್ಟರಿಗೆ ಟಿಕೆಟಿಲ್ಲದ ಒಬ್ಬ ಅಜ್ಜಿ ಹತ್ತಿದ್ದು ನೆನಪಿತ್ತು, ಇಳಿದದ್ದು ನೆನಪಿರಲಿಲ್ಲ. ಪೊಲೀಸಿಗೆ ಫೋಟೋ ಕೊಟ್ಟು, ಕತ್ತಲಾಗುವವರೆಗೆ ನಾನೂ ಅಳಿಯಂದಿರೂ ಬೀದಿಬೀದಿ ನಡೆದೆವು. ಅವಳಿಗೆ ಸಕ್ಕರೆ ಕಾಯಿಲೆ. ಮಾತ್ರೆಯನ್ನು ಅಂಗೈಗೆ ಹಾಕಿದರೆ ಮಾತ್ರ ನುಂಗುವಳು. ಬಾಯಾರಿದರೂ ನೀರು ಕೇಳುವುದನ್ನು ಬಿಟ್ಟಿದ್ದಳು. ಒಂದು ರಾತ್ರಿ ಹೊರಗೆ ಕಳೆದಾಗಿತ್ತು. ಇನ್ನೊಂದು ಕಳೆದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಹಾಗಾಗಿ ಪ್ರಕಟಣೆ. ಪರಶುರಾಮ ಎಂಬವನ ಆಟೋ ಸಿಕ್ಕಿತ್ತು, ಸೀರೆ ಅಂಗಡಿಯ ರಿಯಾಯಿತಿ ಕೂಗಿಕೊಂಡು ತಿರುಗುವ ಆಟೋ. ಅದರಲ್ಲಿ ಮೈಕಿರಲಿಲ್ಲ. ಸಿಡಿ ಹಾಕುವ ಪೆಟ್ಟಿಗೆ, ಮೇಲೊಂದು ಹಾರ್ನು, ಇಷ್ಟೇ. ನಮ್ಮ ಮಾತು ಸಿಡಿಗೆ ಬಿದ್ದರೆ ಮಾತ್ರ ಅವನು ಹೊರಡಬಹುದಾಗಿತ್ತು. ಅವನು ಗೇಟಿನ ಹತ್ತಿರ ಕಾಯುತ್ತಿದ್ದ.

ಮೈಕಿನ ಮುಂದೆ ಕುಳಿತವನು ನಾನು ಮೊದಲು ಕೆಮ್ಮಿದೆ.

ಅದು ಕಾಯಿಲೆಯ ಕೆಮ್ಮಲ್ಲ. ಹೊಳೆಹೊನ್ನೂರಿನ ನಮ್ಮ ಕೂಡುಮನೆಯಲ್ಲಿ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವ ಪದ್ಧತಿ ಇರಲಿಲ್ಲ. ಹೊರಗಿನಿಂದ ಬಂದವನು ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಬೇಕು. ಅಣ್ಣತಮ್ಮಂದಿರು ಅಷ್ಟು ಜನರಿದ್ದರೂ ಯಾರ ಕೆಮ್ಮು ಯಾರದು ಎಂದು ಒಳಗಿದ್ದ ಹೆಂಗಸರಿಗೆ ಗೊತ್ತು. ನನ್ನದು ಕೇಳಿದರೆ ಇವಳು ಕೈಯಲ್ಲಿದ್ದ ಕೆಲಸ ಬಿಟ್ಟು ಕಾಲಿಗೆ ನೀರು ತರುತ್ತಿದ್ದಳು. ಅಕ್ಕಿ ಗಿರಣಿಯ ಕೆಲಸಕ್ಕೆಂದು ಭದ್ರಾವತಿಗೆ ಬಂದ ಮೇಲೆ ಮನೆಯಲ್ಲಿ ಹಿರಿಯರು ಅಂತ ಯಾರೂ ಇರಲಿಲ್ಲ. ಆದರೂ ಕೆಮ್ಮು ಉಳಿಯಿತು. ಮುಚ್ಚಿದ ಬಾಗಿಲು ಕಂಡರೆ ಗಂಟಲು ತಾನಾಗಿಯೇ ಕೆಮ್ಮುತ್ತದೆ. ಮಾತಾಡದ ಆ ಮೈಕು ನನಗೆ ಮುಚ್ಚಿದ ಬಾಗಿಲಿನ ಹಾಗೆ ಕಂಡಿತು.

"ಕೆಮ್ಮು ಬಂದ್ರೆ ಮೊದ್ಲೇ ಕೆಮ್ಕೊಂಡ್ಬಿಡಿ ಮಾವ," ಅಂದರು ಅಳಿಯಂದಿರು. "ಈಗ ನಾನು ಹೇಳ್ದಂಗೆ ಹೇಳಿ. ನನ್ನ ಹೆಂಡತಿ ಬಸವರಾಜೇಶ್ವರಿ..."

ನಾನು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದೆ.

"ಹೇಳಿ ಮಾವ."

"ನಿಮ್ಮತ್ತೆ ಅಂದ್ರೆ ಸಾಲ್ದಾ?"

"ಶಿವಮೊಗ್ಗದ ತುಂಬ ಅತ್ತೆಯರೇ ಮಾವ ಇರೋದು!"

ಬಾಗಿಲಲ್ಲಿ ನಿಂತಿದ್ದ ಮಗಳು ಸುಮನಾ ನಗಲು ಹೋಗಿ ಅತ್ತುಬಿಟ್ಟಳು. ನಾನು ಹೆಸರು ಹೇಳಿದೆ. ಮದುವೆಯ ದಿನ ಹೇಳಿಸಿದ್ದು ಬಿಟ್ಟರೆ ಆ ಹೆಸರು ನನ್ನ ಬಾಯಿಂದ ಹೊರಬಿದ್ದದ್ದು ಆಗಲೇ. ನೀಲಿ ಸೀರೆ, ಹಣೆಯಲ್ಲಿ ವಿಭೂತಿ, ಕೆಳಗಿನ ಹಲ್ಲಿಲ್ಲ, ಕಂಡವರು ಈ ನಂಬರಿಗೆ ಫೋನ್ ಮಾಡಿ ಎಂದು ಎಲ್ಲವನ್ನೂ ಹೇಳಿ ಮುಗಿಸಿದೆ.

ಅಳಿಯಂದಿರು ಪರದೆ ನೋಡಿದರು. ಅಲ್ಲಿ ದಾರ ಎಳೆದ ಹಾಗೆ ಒಂದೇ ಒಂದು ಗೆರೆ.

"ಏನೂ ಬಿದ್ದಿಲ್ಲ," ಅಂದರು.

ಮೇಜಿನ ಕೆಳಗೆ ತೂರಿ ಬ್ಯಾಟರಿ ಬೆಳಕಲ್ಲಿ ವೈರು ಕಿತ್ತು ಆ ತೂತಿಗೆ, ಈ ತೂತಿಗೆ ಚುಚ್ಚಿದರು. ನಾನು "ಬಸವರಾಜೇಶ್ವರಿ, ಬಸವರಾಜೇಶ್ವರಿ" ಎನ್ನುತ್ತಾ ಇದ್ದೆ, ಗೆರೆ ಅಲುಗಲಿಲ್ಲ. ಕೊನೆಗೆ ನೋಡಿದರೆ ತಪ್ಪು ವೈರಿನಲ್ಲಿರಲಿಲ್ಲ. ಪರದೆಯ ಮೂಲೆಯಲ್ಲಿ ಮೈಕಿನ ಹೆಸರಿನ ಕೆಳಗೆ ಒಂದು ಪುಟ್ಟ ಚೌಕ ಇತ್ತು, ಬಾಯಿ ಮುಚ್ಚು ಅಂತ ಅದಕ್ಕೆ ಟಿಕ್ ಬಿದ್ದಿತ್ತು. ಹಿಂದಿನ ಭಾನುವಾರ ಯಾವುದೋ ಹಾಡು ಕೇಳುವಾಗ ಅವರೇ ಹಾಕಿದ್ದಂತೆ.

ಮತ್ತೆ ಹೇಳಿದೆ. ಈ ಸಲ ದನಿ ಬಿತ್ತು. ಜೊತೆಗೆ ಮದುವೆ ಮನೆಯ ಜನರೇಟರಿನ ಹಾಗೆ ಗುಂಯ್ ಎನ್ನುವ ಸದ್ದು. ಕರೆಂಟಿನ ಅರ್ಥಿಂಗ್ ಸರಿಯಿಲ್ಲ ಎಂದರು. ಟ್ಯೂಬ್‌ಲೈಟ್ ಆರಿಸಿದರು, ಫ್ಯಾನ್ ನಿಲ್ಲಿಸಿದರು. ಸದ್ದು ಹೋಗಲಿಲ್ಲ. ಸುಮನಾ ಅಡಿಗೆಮನೆಗೆ ಓಡಿ ಫ್ರಿಜ್ಜಿನ ಪ್ಲಗ್ಗೇ ಕಿತ್ತಳು. ಆಗ ನಿಂತಿತು.

"ಇದೊಂದು ಸುಟ್ಟ ಪೆಟ್ಟಿಗೆ ಕಟ್ಕೊಂಡು ಊರಿಗೆಲ್ಲ ಭಜನೆ ಮಾಡ್ಕೊಟ್ರಿ," ಎಂದಳು ಗಂಡನಿಗೆ. "ನಮ್ಮಮ್ಮನ ಹೊತ್ತಿಗೆ ಇದಕ್ಕೆ ರೋಗ."

ಅಳಿಯಂದಿರು ಮತ್ತೆ ಪರದೆಗೆ ಬಗ್ಗಿದರು. ಅವರ ಅಂಗಿ ಬೆನ್ನಿಗೆ ಅಂಟಿತ್ತು.

ಮೂರನೆಯ ಸಲ ನಾನು ಕೂಗಿದೆ. ಇಷ್ಟು ದೊಡ್ಡ ಊರಿಗೆ ಕೇಳಿಸಬೇಕಲ್ಲ ಎಂದು ಎದೆ ಹಿಡಿದು ಕೂಗಿದೆ. ಗೆರೆಗಳೆಲ್ಲ ಮೇಲಕ್ಕೆ ಹೋಗಿ ಕತ್ತಿಯಿಂದ ಸವರಿದ ಬೇಲಿಯ ಹಾಗೆ ಚಪ್ಪಟೆಯಾದವು. ಕೇಳಿದರೆ ಹರಿದ ತಗಡಿನ ದನಿ.

"ಕೂಗ್ಬೇಡಿ ಮಾವ. ಊರಿಗೆ ಕೂಗೋಕೆ ಹಾರ್ನಿದೆ. ನೀವು ಅತ್ತೆ ಪಕ್ಕ ಕೂತು ಮಾತಾಡೋ ಹಂಗೆ ಹೇಳಿ."

ಇವಳ ಪಕ್ಕ ಕುಳಿತು ನಾನು ಇಷ್ಟೆಲ್ಲ ಮಾತಾಡಿದವನೇ ಅಲ್ಲ. ಆದರೂ ಮೆಲ್ಲಗೆ ಹೇಳಿದೆ. ಚೆನ್ನಾಗಿ ಬಂತು. ಅಳಿಯಂದಿರು ಗೆರೆಗಳ ಮೊದಲಲ್ಲಿದ್ದ ಒಂದು ಗುಡ್ಡವನ್ನು ತೋರಿಸಿದರು.

"ಇದು ನಿಮ್ಮ ಕೆಮ್ಮು ಮಾವ. ಪ್ರತಿ ಸಲಾನೂ ಇದೆ ನೋಡಿ."

ಅದರ ಮೇಲೆ ಬಣ್ಣ ಎಳೆದು ಗುಂಡಿ ಒತ್ತಿದರು. ಗುಡ್ಡ ಹೋಯಿತು. ನಡುವಿನ ನನ್ನ ಉಸಿರು, ಗುಟುಕು ನುಂಗಿದ್ದು, ಕುರ್ಚಿ ಕಿರುಗುಟ್ಟಿದ್ದು, ಎಲ್ಲವನ್ನೂ ತೆಗೆದರು. ಆತುರದಲ್ಲಿಯೂ ಅವರಿಂದ ಅರೆಬರೆ ಕೆಲಸ ಆಗುವುದಿಲ್ಲ. ಕೇಳಿಸಿದರೆ ರೇಡಿಯೋದಲ್ಲಿ ಯಾರೋ ಹೇಳುತ್ತಿದ್ದ ಹಾಗಿತ್ತು.

ಪರಶುರಾಮ ಸಿಡಿಯನ್ನು ಪೆಟ್ಟಿಗೆಗೆ ಹಾಕಿದ. ಹಾರ್ನಿನಿಂದ ಏನೂ ಬರಲಿಲ್ಲ.

"ಏನ್ ಸಾರ್, ಖಾಲಿ ಸಿಡಿ ಕೊಟ್ರಾ?"

"ಇಲ್ಲ ಮಾರಾಯ, ಒಳಗೆ ಕೇಳ್ಕೊಂಡೇ ಬಂದಿದೀನಿ!"

ಅವನು ಸೀರೆ ಅಂಗಡಿಯ ಸಿಡಿ ಹಾಕಿದ. "ಬನ್ನಿ ಅಕ್ಕಂದಿರೇ" ಎಂದು ಓಣಿ ತುಂಬ ಮೊಳಗಿತು. ನಮ್ಮದು ಹಾಕಿದರೆ ಮೌನ. ಅಳಿಯಂದಿರು ಸಿಡಿ ತಂದು ಮತ್ತೆ ಕಂಪ್ಯೂಟರಿಗೆ ಹಾಕಿದರು, ಅಲ್ಲಿ ನಾನು ಮಾತಾಡುತ್ತಿದ್ದೆ. ಮತ್ತೆ ಆಟೋಗೆ ಒಯ್ದರು, ಅಲ್ಲಿ ನಾನು ಮೂಗನಾಗಿದ್ದೆ. ಬಿಸಿಲು ಗೇಟು ದಾಟಿ ಅಂಗಳಕ್ಕೆ ಬಂದಿತ್ತು. ಇವಳು ಎಲ್ಲೋ ಇದೇ ಬಿಸಿಲಲ್ಲಿ ನಡೆಯುತ್ತಿದ್ದಾಳೆ ಎಂದು ನನಗೆ ಅಂಗಳದಲ್ಲಿ ನಿಲ್ಲಲಾಗಲಿಲ್ಲ. ಬೀದಿಯ ತುದಿಯವರೆಗೆ ನಡೆದು, ಆಚೀಚೆ ನೋಡಿ, ವಾಪಸು ಬಂದೆ.

ಕಾರಣ ಆಮೇಲೆ ಸಿಕ್ಕಿತು. ಸಿಡಿಯಲ್ಲಿ ದನಿಗೆ ಎಡ, ಬಲ ಎಂದು ಎರಡು ದಾರಿ. ನಮ್ಮ ಮೈಕಿನ ದನಿ ಎಡಗಡೆಗೆ ಮಾತ್ರ ಬಿದ್ದಿತ್ತಂತೆ, ಪರಶುರಾಮನ ಹಾರ್ನಿಗೆ ಬಲಗಡೆಯ ವೈರು ಮಾತ್ರ ಕೊಟ್ಟಿತ್ತಂತೆ. ಎರಡೂ ಕಡೆಗೆ ದನಿ ಹಾಕಿ ಇನ್ನೊಂದು ಸಿಡಿ ಬರೆದರು. ಆಟೋ ಹೋಯಿತು.

ನಾವು ಫೋನಿನ ಸುತ್ತ ಕುಳಿತೆವು. ಒಮ್ಮೆ ರಿಂಗಾಯಿತು, ಯಾರೋ ಸೀರೆ ಅಂಗಡಿಯ ರಿಯಾಯಿತಿ ಎಲ್ಲಿಯವರೆಗೆ ಎಂದು ಕೇಳಿದರು. ಇನ್ನೊಮ್ಮೆ ರಿಂಗಾಯಿತು, ಬಸ್ ನಿಲ್ದಾಣದಲ್ಲಿ ನೀಲಿ ಸೀರೆಯ ಅಜ್ಜಿ ಇದ್ದಾರೆ ಎಂದರು. ಸ್ಕೂಟರಿನಲ್ಲಿ ಹೋಗಿ ನೋಡಿದೆವು. ಅವಳಲ್ಲ. ಆ ಅಜ್ಜಿ ತನ್ನ ಬಸ್ಸಿಗೆ ಕಾಯುತ್ತಿದ್ದಳು, ನಮ್ಮನ್ನು ನೋಡಿ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು. ವಾಪಸು ಬರುವ ಹೊತ್ತಿಗೆ, ಊಟಕ್ಕೆ ಮುಂಚೆ ಒಮ್ಮೆ ಹೇಳಿ ಹೋಗೋಣ ಎಂದು ಪರಶುರಾಮ ಬಂದಿದ್ದ. "ಎಲ್ಲ ಕಡೆ ಹೋದೆ ಯಜಮಾನ್ರೇ. ಆಲ್ಕೊಳ, ವಿನೋಬನಗರ, ಎಲ್ಲ. ಜನ ಕೇಳ್ತಾರೆ, ಪಾಪ ಅಂತಾರೆ, ಅಷ್ಟೇ."

ಸುಮನಾ ಭದ್ರಾವತಿಗೆ, ಜಲಜಮ್ಮನಿಗೆ ಫೋನ್ ಮಾಡಿದಳು, ಅಕಸ್ಮಾತ್ ಅಮ್ಮ ಅಲ್ಲಿಗೇ ಬಂದಿದ್ದರೆ ಎಂದು. ಮಾತಾಡುತ್ತಾ ಅವಳ ಮುಖ ಬಿಳಿಚಿಕೊಂಡಿತು. ಫೋನ್ ನನ್ನ ಕೈಗೆ ಕೊಟ್ಟಳು.

"ನೀಲಿ ಸೀರೆ ಅಂತ ಕೂಗಿಸ್ತಿದೀರಂತೆ ಅಣ್ಣಾ?" ಅಂದರು ಜಲಜಮ್ಮ. "ನೀಲಿ ಸೀರೆ ನಿಮ್ಮ ಹಿತ್ತಲಲ್ಲಿ ಹಗ್ಗದ ಮೇಲೇ ಐತಲ್ಲ. ನಾನು ನೋಡಿದಾಗ ಕಾಫಿ ಬಣ್ಣದ್ದು ಉಟ್ಟಿದ್ರು."

ನಾನು ಹಾಲಿಗೆ ಹೊರಟಾಗ ಅವಳು ನೀಲಿಯಲ್ಲಿದ್ದಳು. ಊರಿಗೆ ಹೊರಡುವವಳು ಸೀರೆ ಬದಲಿಸಿಕೊಂಡಿದ್ದಳು. ಬೆಳಗಿನಿಂದ ನಾವು ಶಿವಮೊಗ್ಗದ ಜನಕ್ಕೆಲ್ಲ ಬೇರೆ ಯಾರನ್ನೋ ಹುಡುಕಲು ಹೇಳಿದ್ದೆವು.

"ಆ ಒಂದು ಮಾತು ಬದಲಾಯಿಸಿದ್ರೆ ಆಯ್ತು," ಎಂದು ಅಳಿಯಂದಿರು ಕೋಣೆಗೆ ಓಡಿದರು. ಬೆಳಗಿನ ಕೆಲಸವನ್ನು ತೆರೆದರು. ಪರದೆಯ ಮೇಲೆ, ದನಿ ಸಿಗುತ್ತಿಲ್ಲ ಎಂದು ಒಂದು ಬೋರ್ಡು ಬಂತು. ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು.

ಆ ಸಾಫ್ಟ್‌ವೇರ್ ದನಿಯನ್ನು ಚೂರುಚೂರು ಮಾಡಿ ಬೇರೆ ಒಂದು ಫೋಲ್ಡರಿನಲ್ಲಿ ಇಡುತ್ತದಂತೆ. ಹೆಸರಿರುವ ಫೈಲಿನಲ್ಲಿ ದನಿ ಇರುವುದಿಲ್ಲ, ಚೂರುಗಳನ್ನು ಹೇಗೆ ಜೋಡಿಸಬೇಕು ಎಂಬ ಲೆಕ್ಕ ಮಾತ್ರ. ಸಿಡಿ ಬರೆಯುವಾಗ ಡಿಸ್ಕಿನಲ್ಲಿ ಜಾಗ ಇಲ್ಲ ಎಂದಿತ್ತು. ಅವರು ಗಡಿಬಿಡಿಯಲ್ಲಿ, ಯಾವುದೋ ಹಳೆಯ ಭಜನೆಯ ಚೂರುಗಳು ಎಂದುಕೊಂಡು, ನನ್ನ ದನಿಯನ್ನೇ ಅಳಿಸಿದ್ದರು.

"ಬೈಯಿರಿ ಮಾವ," ಅಂದರು. "ನಾಲ್ಕು ಬೈಯಿರಿ."

"ಏಳಿ ಅಳಿಯಂದ್ರೇ. ಇನ್ನೊಂದ್ಸಲ ಹೇಳ್ತೀನಿ. ಬಾಯಿ ಇದ್ಯಲ್ಲ," ಅಂದೆ. ಬೈದು ನನಗೆ ಏನಾಗಬೇಕಿತ್ತು? ಅವರೂ ಬೆಳಗಿನಿಂದ ಒಂದು ಲೋಟ ಕಾಫಿ ಕುಡಿದಿರಲಿಲ್ಲ.

ಮತ್ತೆ ಫ್ರಿಜ್ಜು ಕಿತ್ತರು, ಫ್ಯಾನ್ ನಿಲ್ಲಿಸಿದರು. ಮೈಕಿನ ಮುಂದೆ ಕುಳಿತೆ. ಕೆಮ್ಮಿದೆ. ಕಾಫಿ ಬಣ್ಣದ ಸೀರೆ ಎಂದು ಹೇಳಿ ಮುಗಿಸಿದೆ. ದನಿ ಒಡೆದಿತ್ತು, ನಡುವೆ ಎರಡು ಕಡೆ ನಿಂತಿತ್ತು. ಅಳಿಯಂದಿರು ಅದನ್ನು ತಿದ್ದಲು ಕೈ ಹಾಕಿದರು, ಅಷ್ಟರಲ್ಲಿ ಕರೆಂಟು ಹೋಯಿತು.

ಕಂಪ್ಯೂಟರ್ ಆರಲಿಲ್ಲ. ಕೆಳಗಿದ್ದ ಯುಪಿಎಸ್ ಪೆಟ್ಟಿಗೆ ಪೀಂ ಪೀಂ ಎಂದು ಹೊಡೆದುಕೊಳ್ಳತೊಡಗಿತು.

"ಇದು ಸ್ವಲ್ಪ ಹೊತ್ತೇ ಬರೋದು," ಅಂದರು. "ಕ್ಲೀನ್ ಮಾಡ್ತಾ ಕೂತ್ರೆ ಸಿಡಿ ಬರೆಯೋಕಾಗಲ್ಲ. ಕೆಮ್ಮಾದ್ರೂ ತೆಗೀತೀನಿ..."

"ಹಂಗೇ ಹಾಕ್ರೀ!" ಎಂದು ಸುಮನಾ ಕಿರುಚಿದಳು. "ಕೆಮ್ಮು ಇದ್ರೆ ಇರ್ಲಿ! ನಮ್ಮಮ್ಮ ಏನು ಸಂಗೀತ ಕಛೇರಿಗೆ ಬಂದಿದಾಳಾ?"

ಹಾಗೇ ಹಾಕಿದರು. ಎರಡೂ ಕಡೆಗೆ ದನಿ ಹಾಕುವುದನ್ನು ಮಾತ್ರ ಮರೆಯಲಿಲ್ಲ. ಸಿಡಿ ಒಳಗೆ ತಿರುಗುತ್ತಿತ್ತು, ಪೆಟ್ಟಿಗೆಯ ಪೀಂ ಪೀಂ ಜೋರಾಗುತ್ತಾ ಬಂತು, ನಾವು ಮೂವರೂ ಉಸಿರು ಹಿಡಿದು ಆ ತಟ್ಟೆ ಹೊರಗೆ ಬರುವುದನ್ನೇ ನೋಡುತ್ತಿದ್ದೆವು. ಬಂತು. ಅದರ ಹಿಂದೆಯೇ ಪರದೆ ಕಪ್ಪಾಯಿತು. ಆ ದನಿ ಇನ್ನು ಎಲ್ಲಿಯೂ ಉಳಿಯಲಿಲ್ಲ, ಆ ಒಂದು ಸಿಡಿಯನ್ನು ಬಿಟ್ಟರೆ.

ಅದನ್ನು ತೆಗೆದುಕೊಂಡು ಪರಶುರಾಮ ಹೋಗಿ ಬಹಳ ಹೊತ್ತಾಯಿತು. ಬಿಸಿಲು ಇಳಿಮುಖವಾಯಿತು. ಸುಮನಾ ದೇವರ ಮುಂದೆ ಕುಳಿತವಳು ಏಳಲಿಲ್ಲ. ನಾನು ಹೆಂಡತಿಯ ಮಾತ್ರೆಯ ಹಾಳೆಯನ್ನು ಜೇಬಿನಿಂದ ತೆಗೆಯುವುದು, ಮತ್ತೆ ಜೇಬಿಗೆ ಹಾಕುವುದು ಮಾಡುತ್ತಿದ್ದೆ.

ಫೋನ್ ರಿಂಗಾಯಿತು. ಅಳಿಯಂದಿರು ಎತ್ತಿದರು. ಅಂಗಡಿಯೊಂದರ ಕಾಯಿನ್ ಬೂತಿನಿಂದ ಪರಶುರಾಮ ಮಾತಾಡುತ್ತಿದ್ದ, ದನಿ ಎಷ್ಟು ಜೋರೆಂದರೆ ದೂರ ನಿಂತಿದ್ದ ನನಗೂ ಕೇಳುತ್ತಿತ್ತು.

"ಸಾರ್, ಆಲ್ಕೊಳ ಸರ್ಕಲ್ ಹತ್ರ ಇದೀನಿ. ಒಬ್ಬರು ಅಮ್ಮ ಚೊಂಬಲ್ಲಿ ನೀರು ಹಿಡ್ಕೊಂಡು ನನ್ನ ಆಟೋ ಸುತ್ತ ಸುತ್ತಾ ಇದಾರೆ. ಕಾಫಿ ಬಣ್ಣದ ಸೀರೆ."

"ಹಿಡ್ಕೊಳೋ ಮಾರಾಯ!"

"ಹಿಡಿಯಕ್ಕೆ ಹೋದ್ರೆ ಬೈತಾರೆ ಸಾರ್! ಹೆಸರು ಕೇಳಿದ್ರೆ ನಿಂಗ್ಯಾಕೆ ಅಂತಾರೆ. ಸಿಡಿ ನಿಲ್ಲಿಸಿದ್ರೆ ರೋಡಿನ ಕಡೆ ಹೊರಟೇ ಹೋಗ್ತಾರೆ, ಹಾಕಿದ್ರೆ ತಿರುಗಿ ಬರ್ತಾರೆ. ಅದಕ್ಕೇ ಹಾಕ್ತಾನೇ ಇದೀನಿ. ಬ್ಯಾಟ್ರಿ ಇಳೀತಾ ಐತೆ, ಬೇಗ ಬನ್ನಿ!"

ಅವನ ಮಾತಿನ ಹಿಂದೆ, ದೂರದಲ್ಲಿ, ಯಾರೋ ಕೆಮ್ಮಿದರು. ನಾನೇ.

ಸ್ಕೂಟರಿನ ಹಿಂದೆ ನಾನು ಹೇಗೆ ಹತ್ತಿ ಕುಳಿತೆನೋ. ಗೋಪಾಳಕ್ಕೂ ಆಲ್ಕೊಳಕ್ಕೂ ಎಷ್ಟು ದೂರ? ಅಷ್ಟು ಹತ್ತಿರ ಅವಳು ಇಡೀ ದಿನ ಇದ್ದಳು.

ಸರ್ಕಲ್ಲಿಗೆ ಬಂದಾಗ ಹಾರ್ನು ತೊದಲುತ್ತಿತ್ತು. "ಬಸವರಾ... ರಾ... ರಾ..." ಎಂದು ಒಂದೇ ಕಡೆ ಸಿಕ್ಕಿಕೊಂಡು, ನಿಂತೇಹೋಯಿತು. ರಸ್ತೆಯ ಆಚೆ ಆಟೋದ ಪಕ್ಕದಲ್ಲಿ ಅವಳು ನಿಂತಿದ್ದಳು. ಕೈಯಲ್ಲಿ ಯಾರದೋ ಸ್ಟೀಲಿನ ಚೊಂಬು. ಸದ್ದು ನಿಂತದ್ದೇ ಹಾರ್ನಿನ ಕಡೆ ಒಮ್ಮೆ ನೋಡಿ, ತಿರುಗಿ ಸಾಗರದ ರಸ್ತೆಯ ಕಡೆ ನಡೆದಳು. ಲಾರಿಗಳು ಹೋಗುತ್ತಿದ್ದವು. ಪರಶುರಾಮ ಎರಡೂ ಕೈ ಚಾಚಿ ಅಡ್ಡ ನಿಂತ, ಅವಳು ಅವನನ್ನು ಕಂಬವನ್ನು ಬಳಸಿದ ಹಾಗೆ ಬಳಸಿ ಹೋದಳು.

ನಾನು ಹೆಸರು ಕೂಗಿದೆ. ಸರ್ಕಲ್ಲಿನ ಜನರೆಲ್ಲ ತಿರುಗಿ ನೋಡಿದರು, ಅವಳು ನೋಡಲಿಲ್ಲ. ಮತ್ತೆ ಕೂಗಿದೆ. ಅವಳಿಗೆ ಅದು ಯಾರದೋ ಹೆಸರು.

ಕೆಮ್ಮಬೇಕು ಎಂದುಕೊಂಡೆ. ಬರಲಿಲ್ಲ. ಬೆಳಗಿನಿಂದ ಬೇಡ ಬೇಡ ಎಂದರೂ ಬರುತ್ತಿದ್ದುದು, ಆಗ ಗಂಟಲು ಒಣಗಿ ಹಲಗೆಯಾಗಿತ್ತು. ರಸ್ತೆ ದಾಟಿದೆನೋ, ಯಾರಾದರೂ ದಾಟಿಸಿದರೋ ನೆನಪಿಲ್ಲ. ಅವಳು ಡಾಂಬರಿಗೆ ಕಾಲಿಡುವ ಹೊತ್ತಿಗೆ ನಾನು ಬಗ್ಗಿ, ಎದೆಯ ಮೇಲೆ ಕೈ ಒತ್ತಿ, ಕೆರೆದು ಕೆರೆದು ಒಂದು ಕೆಮ್ಮು ಹೊರಗೆ ತೆಗೆದೆ.

ಅವಳು ನಿಂತಳು. ತಿರುಗಿದಳು.

"ಎಷ್ಟು ಸಲ ಕೆಮ್ಮೋದು?" ಎಂದು ಗದರಿದಳು. "ಬಂದೆ ಬಂದೆ ಅಂತಿದೀನಿ, ಕಿವಿಗೇ ಹಾಕ್ಕೊಳಲ್ಲ. ನಾನೇನು ಕಿವುಡೀನಾ?"

ಪರಶುರಾಮ ಆಟೋದ ಮಡ್‌ಗಾರ್ಡಿನ ಮೇಲೆ ಕುಸಿದು ಕುಳಿತ. "ಚೊಂಬು ನೋಡಿ ನಾನೂ ಕಾಲು ಚಾಚಿದ್ದೆ ಯಜಮಾನ್ರೇ," ಅಂದ. "ನಿಲ್ತಾರೇನೋ ಅಂತ. ಇವನಲ್ಲ ಅಂತ ಮುಖ ತಿರುಗಿಸಿಬಿಟ್ರು."

ಪಕ್ಕದ ಖಾನಾವಳಿಯಿಂದ ಅದರ ಒಡತಿ ವಿಶಾಲಮ್ಮ ಓಡಿ ಬಂದರು. ಬೆಳಗ್ಗೆ ಇವಳು ಅವರ ಜಗಲಿಯ ಮೇಲೆ ಕುಳಿತಿದ್ದಳಂತೆ. ಯಾರಿಗೆ ಕಾಯ್ತಿದೀರಿ ಎಂದರೆ "ಇವ್ರು ಬರ್ತಾರೆ" ಅಂದಳಂತೆ. ಇಡ್ಲಿ, ನೀರು ಕೈಗೆ ಕೊಟ್ಟಿದ್ದಾರೆ, ಇವಳು ಕೂತಲ್ಲೇ ಅವರ ಸೊಪ್ಪು ಬಿಡಿಸಿ ಕೊಟ್ಟಿದ್ದಾಳೆ. "ಬೆಳಗ್ಗೆ ಇದೇ ಆಟೋ ಬಂದಿತ್ತು ಕಣಣ್ಣ," ಅಂದರು ವಿಶಾಲಮ್ಮ. "ನೀಲಿ ಸೀರೆ ಅಂದ್ರಲ್ಲ, ಇವ್ರೇ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಇವ್ರೂ ನನ್ನ ಜೊತೆ ಕೂತು ಕೇಳಿದ್ರು. ಪಾಪ, ಯಾರೋ ಹೆಂಗ್ಸು ಅಂತ ಕಣ್ಣೊರೆಸ್ಕೊಂಡ್ರು. ಈಗ ಸಂಜೆ ಆ ಕೆಮ್ಮು ಕೇಳಿದ್ದೇ ತಡ, ಸೊಪ್ಪು ಕೆಡವಿ, ನನ್ನ ಚೊಂಬು ತಗೊಂಡು ಎದ್ದೇಬಿಟ್ರು!"

ಅಳಿಯಂದಿರು ಸ್ಕೂಟರಿನ ಪಕ್ಕದಲ್ಲಿ ನಿಂತು ಇದನ್ನು ಕೇಳುತ್ತಿದ್ದರು. ಆಮೇಲೆ ಸುಮನಾಳಿಗೆ ಫೋನ್ ಮಾಡಲು ಬೂತಿನ ಕಡೆ ಹೋದರು.

ನಾನು ಮಾತ್ರೆ ತೆಗೆದು ಇವಳ ಅಂಗೈಗೆ ಹಾಕಿದೆ. ನುಂಗಿದಳು. ಚೊಂಬಿನ ನೀರನ್ನು ಕುಡಿಸಲು ಹೋದರೆ ಕೈ ಸರಿಸಿದಳು.

"ಇದು ಕಾಲಿಗೆ," ಅಂದಳು.

ಅಷ್ಟು ಜನರ ಮುಂದೆ, ಆಲ್ಕೊಳ ಸರ್ಕಲ್ಲಿನ ಮಣ್ಣಿನಲ್ಲಿ, ನಾನು ಚಪ್ಪಲಿ ಬಿಟ್ಟು ಕಾಲು ಮುಂದೆ ಇಟ್ಟೆ. ಅವಳು ಬಗ್ಗಿ ನಿಧಾನವಾಗಿ ನೀರು ಹೊಯ್ದಳು. ಹೊಯ್ಯುತ್ತಾ ಕೇಳಿದಳು:

"ಯಾರನ್ನೋ ಹುಡುಕ್ತಾ ಇದ್ರಂತಲ್ರೀ ಬೆಳಗ್ಗಿಂದ. ಸಿಕ್ಕಿದ್ಲಾ ಆ ಹೆಂಗ್ಸು?"

"ಸಿಕ್ಕಿದ್ಲು," ಅಂದೆ.

"ಸದ್ಯ," ಅಂದಳು. "ಇನ್ನೊಂದು ಕಾಲು ಕೊಡಿ."